ಕಂಡಿತು ಎನ್ನುವ ಮೊದಲು

ಮದುವೆಯ ಮನೆಯಲ್ಲಿ ಸಪ್ತಪದಿ ಮುಗಿದ ಮೇಲೆ ವಧೂವರರಿಗೆ ಅರುಂಧತಿಯನ್ನು ತೋರಿಸುವ ಪದ್ಧತಿಯುಂಟು. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಮಗ್ಗುಲಲ್ಲಿ ಮಿನುಗುವ ಆ ಸಣ್ಣ ಚುಕ್ಕೆಯನ್ನು ಕಾಣಬೇಕಾದರೆ ಇರುಳು ಬೇಕು, ನಿರ್ಮಲವಾದ ಆಕಾಶ ಬೇಕು, ನೆಟ್ಟಗಿರುವ ಕಣ್ಣೂ ಬೇಕು. ಆದರೆ ಮುಹೂರ್ತವು ಹಗಲು ಹನ್ನೊಂದು ಗಂಟೆಗೆ ಒದಗಿದರೆ ಪುರೋಹಿತರು ತಾನೆ ಏನು ಮಾಡಿಯಾರು? ದಂಪತಿಗಳನ್ನು ಛತ್ರದ ಅಂಗಳಕ್ಕೆ ಕರೆತಂದು, ಉರಿಬಿಸಿಲಿನ ಆಕಾಶದ ಕಡೆ ಕೈತೋರಿಸಿ, "ಅರುಂಧತಿ ಕಂಡಳೆ?" ಎಂದು ಕೇಳುತ್ತಾರೆ. ಇಬ್ಬರೂ "ಕಂಡಳು" ಎಂದು ತಲೆಯಾಡಿಸುತ್ತಾರೆ. ಒಳಗೆ ಊಟಕ್ಕೆ ಎಲೆ ಹಾಕಿಯಾಗಿರುವಾಗ ಇಲ್ಲವೆನ್ನುವ ಧೈರ್ಯ ಯಾರಿಗಿದೆ?

ಇದನ್ನು ಕೇಳಿ ನಗುವವರು, ತಮ್ಮ ಮನಸ್ಸೂ ಹಗಲಿರುಳು ಇದೇ ಕೆಲಸ ಮಾಡುತ್ತಿರುವುದನ್ನು ಅರಿಯರು. ಕಣ್ಣಿಗೆ ಕಾಣದಿದ್ದುದನ್ನೂ ಮನಸ್ಸು "ಕಂಡಿತು" ಎಂದೇ ಒಪ್ಪಿಸುತ್ತದೆ. ಹಲ್ಲು ಕೆಟ್ಟರೆ ನೋಯುತ್ತದೆ, ಹೊಟ್ಟೆ ಕೆಟ್ಟರೆ ಊಟ ಸೇರದು. ದೃಷ್ಟಿ ಕೆಟ್ಟರೆ ಮಾತ್ರ ಎಷ್ಟೋ ಸಲ ಯಾವ ದೂರೂ ಕೇಳಿಬರುವುದಿಲ್ಲ.

ಹೊರಗಿನ ಬೆಳಕು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು ಹೊಕ್ಕು, ಪಾಪೆಯ ಮೂಲಕ ಹಾಯ್ದು, ಮಸೂರದಲ್ಲಿ ಬಾಗಿ, ಹಿಂಭಾಗದ ಅಕ್ಷಿಪಟದ ಮೇಲೆ ಚಿತ್ರವಾಗಿ ಬೀಳುತ್ತದೆ. ಆ ಚಿತ್ರ ತಲೆಕೆಳಗಾಗಿರುತ್ತದೆ ಎಂಬುದನ್ನು ಖಗೋಳಜ್ಞನಾದ ಕೆಪ್ಲರನು 1604ರಲ್ಲಿಯೇ ವಿವರಿಸಿದನು. ಅಕ್ಷಿಪಟದಲ್ಲಿ ಮಬ್ಬುಬೆಳಕಿಗೆ ಒದಗುವ ದಂಡದಾಕಾರದ ಕೋಶಗಳು ಸುಮಾರು 12 ಕೋಟಿ. ಬಣ್ಣಗಳನ್ನೂ ನವುರಾದ ವಿವರಗಳನ್ನೂ ಗ್ರಹಿಸುವ ಶಂಕುವಿನಾಕಾರದ ಕೋಶಗಳು ಸುಮಾರು 60 ಲಕ್ಷ. ಇವು ಕೊಟ್ಟ ಸುದ್ದಿಯನ್ನು ದೃಷ್ಟಿನರವು ಮಿದುಳಿಗೆ ಮುಟ್ಟಿಸುತ್ತದೆ. ತಲೆಕೆಳಗಾದ ಎರಡು ಚಿತ್ರಗಳಿಂದ ನೆಟ್ಟಗಿನ ಒಂದು ಜಗತ್ತನ್ನು ಕಟ್ಟುವ ಕುಶಲತೆಯೆಲ್ಲ ಮಿದುಳಿನದು.

ಈ ಕುಶಲಿಯ ಕೈಚಳಕವನ್ನು ಮನೆಯಲ್ಲಿಯೇ ಹಿಡಿಯಬಹುದು. ಬಿಳಿಯ ಕಾಗದದ ಮೇಲೆ ಎಡಕ್ಕೊಂದು ಕೂಡುವ ಚಿಹ್ನೆಯನ್ನೂ, ಅದರಿಂದ 8 ಸೆಂಟಿಮೀಟರು ಬಲಕ್ಕೆ ಕಡಲೆಗಾತ್ರದ ಒಂದು ಕಪ್ಪು ಬೊಟ್ಟನ್ನೂ ಬರೆಯಿರಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣನ್ನು ಚಿಹ್ನೆಯ ಮೇಲೆಯೇ ನಿಲ್ಲಿಸಿ, ಕಾಗದವನ್ನು ತೋಳಿನಳತೆಯಿಂದ ಮೆಲ್ಲಗೆ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರಿಗೆ ಬಂದಾಗ ಬೊಟ್ಟು ಮಾಯವಾಗುತ್ತದೆ! ದೃಷ್ಟಿನರವು ಅಕ್ಷಿಪಟವನ್ನು ಬಿಟ್ಟು ಹೊರಡುವ ಎಡೆಯಲ್ಲಿ ಬೆಳಕನ್ನು ಅರಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯಟ್ ಎಂಬ ವಿಜ್ಞಾನಿ 1660ರ ದಶಕದಲ್ಲಿ ಈ ಕುರುಡು ಬಿಂದುವನ್ನು ಕಂಡುಹಿಡಿದನು. ಸೋಜಿಗವೆಂದರೆ, ಬೊಟ್ಟು ಮಾಯವಾದ ಜಾಗದಲ್ಲಿ ತೂತು ಕಾಣುವುದಿಲ್ಲ, ಬಿಳಿಯ ಕಾಗದವೇ ಕಾಣುತ್ತದೆ. ಸುತ್ತಲಿನ ಬಣ್ಣವನ್ನು ತಂದು ಮಿದುಳು ತೇಪೆ ಹಾಕಿಬಿಟ್ಟಿರುತ್ತದೆ.

ಬೊಟ್ಟಿನಷ್ಟು ಜಾಗಕ್ಕೆ ತೇಪೆ ಬಿದ್ದರೆ ಹಾನಿಯಿಲ್ಲ. ಒಂದು ಕಣ್ಣಿನ ಕೊರತೆಯನ್ನೇ ಇನ್ನೊಂದು ಕಣ್ಣು ಮುಚ್ಚಿಹಾಕಿದರೆ? ಯಾವ ಬೀದಿಯಲ್ಲಾದರೂ ಇರಬಹುದಾದ ಒಂದು ಮನೆಯನ್ನು ಊಹಿಸಿಕೊಳ್ಳಿ. ಭಾನುವಾರದ ಬೆಳಿಗ್ಗೆ ತಂದೆ ಆರು ವರ್ಷದ ಮಗಳನ್ನು ಕೂರಿಸಿಕೊಂಡು ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸುತ್ತಿದ್ದಾನೆ. ಮಗು ಪಟಪಟನೆ ಓದುತ್ತದೆ. ವಿನೋದಕ್ಕೆಂದು ಅವನು ಅದರ ಎಡಗಣ್ಣಿಗೆ ಅಂಗೈ ಅಡ್ಡಹಿಡಿಯುತ್ತಾನೆ. ಓದು ನಿಲ್ಲುವುದಿಲ್ಲ. ಬಲಗಣ್ಣಿಗೆ ಹಿಡಿಯುತ್ತಾನೆ. ಮಗು ಸುಮ್ಮನಾಗುತ್ತದೆ, ಆಮೇಲೆ, "ಅಪ್ಪಾ, ಅಂಕಿಗಳನ್ನೆಲ್ಲ ಯಾರು ಅಳಿಸಿದರು?" ಎಂದು ಕೇಳುತ್ತದೆ.

ಹುಟ್ಟಿದಂದಿನಿಂದ ಒಂದೇ ಕಣ್ಣಿನಿಂದ ಲೋಕವನ್ನು ಕಂಡ ಮಗುವಿಗೆ, ಎರಡನೆಯದೂ ಕಾಣಬೇಕೆಂಬುದು ತಿಳಿಯುವುದಾದರೂ ಹೇಗೆ? ಒಂದು ಕಣ್ಣಿನ ಚಿತ್ರ ಮಸುಕಾಗಿದ್ದರೆ, ಇಲ್ಲವೆ ಆ ಕಣ್ಣು ಓರೆಯಾಗಿದ್ದರೆ, ಬೆಳೆಯುತ್ತಿರುವ ಮಿದುಳು ಅದರ ಸುದ್ದಿಯನ್ನು ಕ್ರಮೇಣ ಕಡೆಗಣಿಸುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ನಿಜಕ್ಕೂ ಸೋಮಾರಿಯಾದುದು ಕಣ್ಣಲ್ಲ, ಅದರ ಮಾತನ್ನು ಕೇಳದ ಮಿದುಳು. ವೈದ್ಯರು ತಕ್ಕ ಕನ್ನಡಕ ಕೊಟ್ಟು, ಬೇಕಾದಾಗ ಬಲವಾದ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿಸಿ, ದುರ್ಬಲವಾದುದಕ್ಕೆ ಕೆಲಸ ಕೊಡುತ್ತಾರೆ. "ಚೆನ್ನಾಗಿರುವ ಕಣ್ಣನ್ನೇ ಮುಚ್ಚಿ ಕೂಸನ್ನು ಗೋಳುಹೊಯ್ದುಕೊಳ್ಳುತ್ತೀರಲ್ಲೋ" ಎಂದು ಅಜ್ಜಿ ಮರುಗಬಹುದು. ಆದರೂ ಕಟ್ಟಲೇಬೇಕು. ಏಳೆಂಟು ವರ್ಷದೊಳಗೆ ಈ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ವಯಸ್ಸು ಏರಿದಂತೆ ಫಲ ಇಳಿಯುತ್ತದೆ. ಕ್ಯಾಲೆಂಡರು ಆರನೆಯ ವರ್ಷದಲ್ಲಿ ಹೇಳಿದ ಮಾತನ್ನೇ ಹದಿನಾರನೆಯ ವರ್ಷದಲ್ಲಿ ಹೇಳಿದರೆ, ಕೇಳಿಸಿಕೊಂಡೂ ಮಾಡುವುದು ಹೆಚ್ಚೇನೂ ಉಳಿದಿರದು.

ಆದುದರಿಂದ ಮನೆಯ ಪರೀಕ್ಷೆಗೆ ಮೊದಲ ನಿಯಮವೇ ಇದು: ಒಂದೊಂದೇ ಕಣ್ಣನ್ನು ಬೇರೆಬೇರೆಯಾಗಿ ನೋಡಬೇಕು. ವೈದ್ಯರ ಕೊಠಡಿಯಲ್ಲಿ ತೂಗುವ ಅಕ್ಷರಗಳ ಹಲಗೆಯನ್ನು ಹಾಲೆಂಡಿನ ಸ್ನೆಲೆನ್ ಎಂಬ ನೇತ್ರವೈದ್ಯನು 1862ರಲ್ಲಿ ಪ್ರಕಟಿಸಿದನು. 6 ಮೀಟರು ದೂರದಿಂದ, ಸುಮಾರು 9 ಮಿಲಿಮೀಟರು ಎತ್ತರದ ಅಕ್ಷರವನ್ನು ಓದಬಲ್ಲ ಕಣ್ಣಿಗೆ 6/6 ಎಂಬ ಅಂಕ. ಬೇರೆಯವರು 12 ಮೀಟರಿನಿಂದ ಓದುವುದನ್ನು 6 ಮೀಟರಿಗೆ ಬಂದೇ ಓದಬೇಕಾದರೆ ಅದು 6/12. ಮನೆಯಲ್ಲಿ ಅಷ್ಟು ಕರಾರುವಾಕ್ಕು ಬೇಡ. ಒಳ್ಳೆಯ ಬೆಳಕಿರುವ ಗೋಡೆಗೆ ಕ್ಯಾಲೆಂಡರನ್ನು ತೂಗುಹಾಕಿ, ದೂರ ನಿಂತು, ಕಣ್ಣನ್ನು ಅದುಮದೆ ಅಂಗೈಯಿಂದ ಮರೆಮಾಡಿ ಓದಿದರಾಯಿತು. ಬೆರಳಸಂದಿಯಿಂದ ಇಣುಕುವುದರಲ್ಲಿ ಮಕ್ಕಳು ನಿಪುಣರೆಂಬುದು ನೆನಪಿರಲಿ! ನಮ್ಮ ದ, ಥ, ಧಗಳಂಥ ಅಕ್ಷರಗಳು, ಒಂದು ಚುಕ್ಕೆಗೋ ಒಂದು ಗೆರೆಗೋ ಬೇರೆಯಾಗುವುದರಿಂದ, ಈ ಕೆಲಸಕ್ಕೆ ಬಹಳ ಚೆನ್ನ. ಎರಡು ಕಣ್ಣುಗಳ ಓದಿನಲ್ಲಿ ವ್ಯತ್ಯಾಸ ಕಂಡರೆ ವೈದ್ಯರ ಬಳಿಗೆ ಹೋಗಬೇಕು.

ದೊಡ್ಡವರಿಗೆ ಇನ್ನೊಂದು ಉಪಾಯವುಂಟು. ರಟ್ಟಿನಲ್ಲಿ ದಬ್ಬಣದಿಂದ 1 ಮಿಲಿಮೀಟರಿನ ರಂಧ್ರ ಮಾಡಿ, ಅದರ ಮೂಲಕ ಮಸುಕಾದ ಅಕ್ಷರವನ್ನು ನೋಡುವುದು. ಅಕ್ಷರ ತಿಳಿಯಾದರೆ, ಬೆಳಕು ಸರಿಯಾಗಿ ಒಂದೆಡೆ ಕೂಡದಿರುವುದೇ ಸಾಮಾನ್ಯವಾಗಿ ದೋಷ, ಕನ್ನಡಕದಿಂದ ನೀಗೀತು. ತಿಳಿಯಾಗದಿದ್ದರೆ ಕಾರಣ ಬೇರೆಲ್ಲೋ ಇರಬಹುದು, ತಡಮಾಡಬಾರದು. ಚೌಕುಳಿ ಗೆರೆಯ ಲೆಕ್ಕದ ಹಾಳೆಯ ನಡುವೆ ಚುಕ್ಕೆಯಿಟ್ಟು ಒಂದೇ ಕಣ್ಣಿನಿಂದ ಅದನ್ನೇ ನೋಡುವಾಗ ನೇರ ಗೆರೆಗಳು ಡೊಂಕಾಗಿ ಕಂಡರೂ, ನಡುವೆ ಕೆಲವು ಚೌಕಗಳು ಕಾಣೆಯಾದರೂ ಹಾಗೆಯೇ. ನಲವತ್ತರ ಆಚೀಚೆ ಮಸೂರ ಪೆಡಸಾಗಿ, ಯಜಮಾನರು ಪಂಚಾಂಗವನ್ನು ತೋಳುದ್ದ ದೂರ ಹಿಡಿಯತೊಡಗುವುದು ರೋಗವಲ್ಲ, ಚಾಳೀಸು. ಅದಕ್ಕೆ ಬೇಕಾದುದು ಕನ್ನಡಕ. ಇನ್ನೂ ಉದ್ದವಾದ ತೋಳಲ್ಲ.

ಇವೆಲ್ಲ ವೈದ್ಯರ ಪರೀಕ್ಷೆಗೆ ಬದಲಲ್ಲ. ಕಣ್ಣಿನ ಅಂಚಿನಿಂದ ನೋಟವನ್ನು ಕದಿಯುತ್ತ ಬರುವ ಗ್ಲಾಕೋಮದಂಥ ರೋಗ ಕ್ಯಾಲೆಂಡರಿಗೆ ಸಿಕ್ಕುವುದಿಲ್ಲ. ಹಠಾತ್ತನೆ ನೋಟ ಮಂಕಾದರೆ, ಮಿಂಚು ಹೊಡೆದಂತೆ ಕಂಡರೆ, ಮನೆಯ ಪರೀಕ್ಷೆಗೆ ಕೂರದೆ ಅಂದೇ ವೈದ್ಯರನ್ನು ಕಾಣಬೇಕು. ಮಗುವನ್ನು ಶಾಲೆಗೆ ಸೇರಿಸುವಾಗ ಚೀಲ, ಸ್ಲೇಟು, ಹೊಸ ಅಂಗಿ ಎಲ್ಲವನ್ನೂ ತಂದೆತಾಯಂದಿರು ನೆನೆದು ತರುತ್ತಾರೆ. ಹೊರಡುವ ಮುನ್ನ ಅದರ ಒಂದೊಂದು ಕಣ್ಣಿಗೂ ಒಂದು ಗಳಿಗೆ ಅಂಗೈ ಅಡ್ಡಹಿಡಿದು ಗೋಡೆಯ ಅಂಕಿಗಳನ್ನು ಓದಿಸುವುದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಲಿ.