ಹತ್ತರವರೆಗೆ

ಮನುಷ್ಯನಿಗೆ ಎರಡನೆಯ ಸಲ ಅಕ್ಷರಾಭ್ಯಾಸವಾಗುವುದು ಅಪರೂಪ. ಮೈಸೂರಿನ ಒಂದು ಹಳೆಯ ಬಡಾವಣೆಯಲ್ಲಿ, 74 ವರ್ಷದ ನಿವೃತ್ತ ಗಣಿತದ ಮೇಷ್ಟರೊಬ್ಬರಿಗೆ ಆ ಯೋಗ ಕೂಡಿಬಂದದ್ದು ದಸರಾ ರಜೆಯ ಒಂದು ಬೆಳಿಗ್ಗೆ. ಮೊದಲ ಸಲ ಅವರ ತಂದೆ ಹರಿವಾಣದ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಯಿಸಿದ್ದರು. ಈ ಸಲ ಗುರುಸ್ಥಾನದಲ್ಲಿ ಕುಳಿತವಳು ಒಂಬತ್ತನೆಯ ತರಗತಿಯ ಮೊಮ್ಮಗಳು. ಅಕ್ಕಿಯ ಸ್ಥಾನದಲ್ಲಿ ಅವಳ ಲ್ಯಾಪ್‌ಟಾಪು.

"ತಾತ, ನಮಗೆ ಹೇಳಿಕೊಟ್ಟ ಹಾಗೆ ಕಂಪ್ಯೂಟರಿಗೂ ಮಗ್ಗಿ ಹೇಳಿಕೊಡಬಹುದು, ಗೊತ್ತೆ?" ಎಂದು ಅವಳು ಕೇಳಿದಳು. ಹೇಳಿಕೊಡುವ ಮಾತು ಕಿವಿಗೆ ಬಿದ್ದ ಮೇಲೆ ಮೇಷ್ಟರು ಸುಮ್ಮನಿರುವುದುಂಟೆ? ಪತ್ರಿಕೆಯನ್ನು ಮಡಿಸಿ, ಕನ್ನಡಕವನ್ನು ಒರೆಸಿಕೊಂಡು ಮೇಜಿನ ಮುಂದೆ ಕುಳಿತರು.

ಯಂತ್ರದ ಭಾಷೆಯ ಹೆಸರು ಪೈಥಾನ್. ಹೆಬ್ಬಾವಿನ ಹೆಸರು ಕೇಳಿ ಕಾಫಿ ತಂದಿಟ್ಟ ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. ಮೊದಲ ಪಾಠ ಬಹಳ ಸುಲಭ. 'ಪ್ರಿಂಟ್' ಎಂಬ ಪದ, ಒಂದು ಕಂಸ, ಅದರೊಳಗೆ ಉದ್ಧರಣ ಚಿಹ್ನೆಗಳ ನಡುವೆ ನಮಗೆ ಬೇಕಾದ ಮಾತು. ಲೋಕಕ್ಕೆ ನಮಸ್ಕಾರ ಹೇಳುವ ಒಂದು ವಾಕ್ಯವನ್ನು ಮೂಡಿಸುವುದೇ ಈ ವಿದ್ಯೆಯ ಶ್ರೀಕಾರ. 1978ರಲ್ಲಿ ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಬರೆದ 'ಸಿ' ಭಾಷೆಯ ಪುಸ್ತಕದಿಂದ ಈ ಪದ್ಧತಿ ಎಲ್ಲೆಡೆ ಹಬ್ಬಿತು.

"ಪ್ರಿಂಟ್ ಎಂದರೆ ಮುದ್ರಿಸು ಎಂದಲ್ಲವೆ? ಕಾಗದವೆಲ್ಲಿ?" ಎಂದು ಮೇಷ್ಟರು ಕೇಳಿದರು. ಹಿಂದಿನ ಕಾಲದ ಎಷ್ಟೋ ಗಣಕಯಂತ್ರಗಳಲ್ಲಿ ಉತ್ತರ ಪರದೆಯ ಮೇಲಲ್ಲ, ಟೆಲಿಪ್ರಿಂಟರಿನ ಕಾಗದದ ಮೇಲೆ ಬರುತ್ತಿತ್ತು. ಕಾಗದ ಹೋಯಿತು, ಮಾತು ಉಳಿಯಿತು ಎಂದು ಮೊಮ್ಮಗಳು ವಿವರಿಸಿದಳು. ಮೇಷ್ಟರಿಗೆ ಉತ್ತರ ಒಪ್ಪಿಗೆಯಾಯಿತು. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿ, 'ನಮಸ್ಕಾರ' ಎಂದು ಬರೆದು ಯಂತ್ರಕ್ಕೆ ಅಪ್ಪಣೆ ಕೊಟ್ಟರು.

ನಮಸ್ಕಾರ ಬರಲಿಲ್ಲ. ಬಂದದ್ದು ತಪ್ಪಿನ ಸೂಚನೆ. ಮೊದಲನೆಯ ಸಾಲಿನಲ್ಲಿ ತೆರೆದ ಕಂಸವನ್ನು ಮುಚ್ಚಿಲ್ಲವೆಂದು ಯಂತ್ರ ಬೊಟ್ಟುಮಾಡಿ ತೋರಿಸುತ್ತಿತ್ತು.

ತೆರೆದ ಕಂಸವನ್ನು ಮುಚ್ಚಬೇಕೆಂದು ತಲೆಮಾರುಗಟ್ಟಲೆ ಹುಡುಗರ ತಲೆಗೆ ತುಂಬಿದವರು ಅವರು. ಮರೆತವನಿಗೆ ಕಿವಿ ಹಿಂಡಿದ್ದೂ ಉಂಟು. ಆದರೆ ಯಂತ್ರ ಗದರಿಸಲಿಲ್ಲ, ಹಂಗಿಸಲಿಲ್ಲ. ಸಾಲಿನ ಸಂಖ್ಯೆಯನ್ನು ಹೇಳಿ ಸುಮ್ಮನಾಯಿತು. ಕಂಸ ಮುಚ್ಚಿದೊಡನೆ, ಹಿಂದಿನದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ 'ನಮಸ್ಕಾರ' ಎಂದಿತು. ಮೇಷ್ಟರು ಅರಿವಿಲ್ಲದೆಯೇ ಪರದೆಗೆ ಕೈ ಮುಗಿದರು. ಮೊಮ್ಮಗಳು ನಕ್ಕಳು.

ಇನ್ನು ಮಗ್ಗಿ. ಹತ್ತರ ಮಗ್ಗಿ ಯಾರಿಗೆ ಬರುವುದಿಲ್ಲ? ಮೇಷ್ಟರು ಹುಡುಗರನ್ನು ಪರೀಕ್ಷಿಸಲು ಆರಿಸುತ್ತಿದ್ದ ಹದಿನೇಳರ ಮಗ್ಗಿಯನ್ನೇ ಆರಿಸಿದರು. ಗುಣಾಕಾರಕ್ಕೆ ಇಂಟು ಗುರುತು ನಡೆಯದು, ನಕ್ಷತ್ರದ ಗುರುತು ಹಾಕಬೇಕು ಎಂದು ತಿಳಿಯಿತು. ಹತ್ತು ಸಾಲುಗಳನ್ನೂ ಕೈಯಾರೆ ಬರೆಯಬೇಕಾಗಿಲ್ಲ. ಒಂದೇ ಆಜ್ಞೆಯನ್ನು ಬರೆದು, ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯವರೆಗೆ ಪುನಃ ಪುನಃ ನಡೆಸು ಎಂದರೆ ಸಾಕು. ಮೇಷ್ಟರು 1 ಎಂದು ಬರೆದು, ಅಲ್ಪವಿರಾಮವಿಟ್ಟು, 10 ಎಂದು ಬರೆದರು.

ಹದಿನೇಳೊಂದ್ಲ ಹದಿನೇಳರಿಂದ ಹೊರಟ ಮಗ್ಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯನ್ನು ತುಂಬಿತು. ಅಜ್ಜಿ ಸಹ ಬಗ್ಗಿ ನೋಡಿ ಮೆಚ್ಚಿದರು. ಮೇಷ್ಟರು ಮಾತ್ರ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕುಳಿತರು. ಅಲ್ಲಿದ್ದುದು 153. ನೂರ ಎಪ್ಪತ್ತು ಎಲ್ಲಿ?

"ನಿನ್ನ ಯಂತ್ರ ಒಂದು ಸಾಲು ನುಂಗಿತಲ್ಲ ಮಗೂ! ಈ ಸಲ ತಪ್ಪಿನ ಸೂಚನೆಯೂ ಇಲ್ಲ."

"ತಪ್ಪಿಲ್ಲವಲ್ಲ ತಾತ, ಸೂಚನೆ ಎಲ್ಲಿಂದ ಬರಬೇಕು? ಈ ಭಾಷೆಯಲ್ಲಿ ಹತ್ತರವರೆಗೆ ಎಂದರೆ ಹತ್ತು ಸೇರುವುದಿಲ್ಲ. ಹತ್ತು ಬಂದ ತಕ್ಷಣ ನಿಲ್ಲಿಸು ಎಂದರ್ಥ. ನಿಮಗೆ ಹತ್ತೂ ಬೇಕಿದ್ದರೆ 11 ಎಂದು ಬರೆಯಬೇಕಿತ್ತು. ಅದು ನೀವು ಹೇಳಿದಷ್ಟನ್ನೇ ಮಾಡಿದೆ."

ಅವರ ಮುಖ ಸಣ್ಣದಾದುದನ್ನು ಕಂಡು, ಶಾಲೆಯ ಕಂಪ್ಯೂಟರ್ ತರಗತಿಯಲ್ಲಿ ಕೇಳಿದ ಕಥೆಯೊಂದನ್ನು ಅವಳು ಸಮಾಧಾನಕ್ಕೆಂದು ಹೇಳಿದಳು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಎಡ್ಸ್ಯಾಕ್ ಎಂಬ ಯಂತ್ರವನ್ನು ಕಟ್ಟಿದರು. 1949ರ ಮೇ 6ರಂದು ಅದು ಮೊಟ್ಟಮೊದಲಿಗೆ ಮಾಡಿದ್ದೂ ಇಂಥ ಮಕ್ಕಳ ಲೆಕ್ಕವೇ: ಸಂಖ್ಯೆಗಳ ವರ್ಗದ ಪಟ್ಟಿ. ಆದರೆ ಅದಾದ ಸ್ವಲ್ಪ ದಿನಗಳಲ್ಲೇ, ಯಂತ್ರದ ಕೋಣೆಗೂ ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರವಾಗಿ ಕೊರೆಯುವ ಕೋಣೆಗೂ ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ವಿಲ್ಕ್ಸ್ ಅವರಿಗೆ ಒಂದು ಸತ್ಯ ಹೊಳೆಯಿತಂತೆ. ಉಳಿದ ಆಯುಷ್ಯದ ದೊಡ್ಡ ಪಾಲು ತಾನು ಬರೆದ ಆಜ್ಞೆಗಳಲ್ಲಿ ತನ್ನವೇ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆ ಎಂದು!

ಕಥೆ ಕೇಳಿ ಮೇಷ್ಟರು ನಗಲಿಲ್ಲ. ಅವರ ಮನಸ್ಸು ನಲವತ್ತು ವರ್ಷ ಹಿಂದಕ್ಕೆ ಹೋಗಿತ್ತು.

ಆಗ ಅವರ ಮಗ ಐದನೆಯ ತರಗತಿಯಲ್ಲಿ ಅವರ ಬಳಿಯೇ ಓದುತ್ತಿದ್ದ. "ಹತ್ತನೆಯ ಲೆಕ್ಕದವರೆಗೆ ಮಾಡಿಕೊಂಡು ಬನ್ನಿ" ಎಂದು ಇಡೀ ತರಗತಿಗೆ ಹೇಳಿದ್ದರು. ಮರುದಿನ ಮಗನ ಪುಸ್ತಕದಲ್ಲಿ ಒಂಬತ್ತೇ ಲೆಕ್ಕಗಳಿದ್ದವು. ಒಂಬತ್ತೂ ಸರಿ. "ಹತ್ತರವರೆಗೆ ಎಂದಿರಲ್ಲ ಸಾರ್, ಹತ್ತು ಬರುವ ತನಕ ಮಾಡಿದೆ" ಎಂದು ಹುಡುಗ ತಣ್ಣಗೆ ಹೇಳಿದ. ಇತರ ಹುಡುಗರು ಕಿಸಕ್ಕನೆ ನಕ್ಕರು. ಮೇಷ್ಟರ ಮಗನೆಂಬ ಸಲಿಗೆಯಿಂದ ಆಡಿದ ಉದ್ಧಟತನವೆಂದು ಅವರಿಗೆ ಕೋಪ ನೆತ್ತಿಗೇರಿತು. ಆ ಪೀರಿಯಡ್ ಮುಗಿಯುವವರೆಗೂ ಹುಡುಗ ಬೆಂಚಿನ ಮೇಲೆ ನಿಂತಿದ್ದ.

ಅಂದಿನಿಂದ ಅವನು ತರಗತಿಯಲ್ಲಾಗಲಿ ಮನೆಯಲ್ಲಾಗಲಿ ತಂದೆಯನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಲೆಕ್ಕ ಬಾರದಿದ್ದರೆ ಪಕ್ಕದ ಮನೆಯ ಹುಡುಗನ ಬಳಿ ಹೋಗುತ್ತಿದ್ದ. ಶಿಸ್ತು ಬಂದಿತೆಂದು ಮೇಷ್ಟರು ಆಗ ಸಂತೋಷಪಟ್ಟಿದ್ದರು. ಈಗ ಅವನಿಗೂ ಐವತ್ತು ತುಂಬಿದೆ. ಒಂದೇ ಮನೆ, ಒಂದೇ ಊಟದ ಸಾಲು; ಮಾತು ಮಾತ್ರ ಔಷಧಿ, ಪಿಂಚಣಿ, ವಿದ್ಯುತ್ ಬಿಲ್ಲುಗಳಾಚೆಗೆ ಹೋಗುವುದಿಲ್ಲ.

ಮೇಷ್ಟರು 10ನ್ನು ಅಳಿಸಿ 11 ಎಂದು ಬರೆದರು. ಹದಿನೇಳ್ಹತ್ಲ ನೂರೆಪ್ಪತ್ತು ಬಂದು ಮಗ್ಗಿ ಪೂರ್ಣವಾಯಿತು. ಕಂಸ ಬಿಟ್ಟದ್ದನ್ನು ಯಂತ್ರವೇ ಹಿಡಿದಿತ್ತು. ಈ ತಪ್ಪನ್ನು ಅದು ಹಿಡಿಯುವಂತಿರಲಿಲ್ಲ. ಬರೆದ ಮಾತಿನಲ್ಲಿ ದೋಷವಿರಲಿಲ್ಲ. ಹೇಳಬೇಕೆಂದುಕೊಂಡದ್ದೇ ಒಂದು, ಹೇಳಿದ್ದೇ ಒಂದು. ಆ ಅಂತರ ಹೇಳಿದವನಿಗಲ್ಲದೆ ಮತ್ತಾರಿಗೆ ತಿಳಿದೀತು? ಕೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ಅದು ಸರಿಹೋಗುವುದೆ?

ಸಂಜೆ ಮಗ ಕಚೇರಿಯಿಂದ ಬಂದಾಗ ಮೇಷ್ಟರು ಇನ್ನೂ ಅದೇ ಮೇಜಿನ ಮುಂದಿದ್ದರು. 11ನ್ನು ಮತ್ತೆ 10 ಮಾಡಿಟ್ಟಿದ್ದರು.

"ಇಲ್ಲಿ ಬಾಪ್ಪ" ಎಂದು ಕರೆದು, ಪರದೆಯನ್ನು ಅವನ ಕಡೆ ತಿರುಗಿಸಿದರು. "ಹತ್ತರವರೆಗೆ ಎಂದು ಹೇಳಿದ್ದೆ. ಒಂಬತ್ತಕ್ಕೇ ನಿಲ್ಲಿಸಿದೆ ನೋಡು."

ಮಗ ನೋಡಿದ. ಬಹಳ ಹೊತ್ತು ನೋಡಿದ. ಅವನು ಏನನ್ನೂ ಮರೆತಿರಲಿಲ್ಲವೆಂಬುದು ಆ ಮೌನದಿಂದಲೇ ತಿಳಿಯುತ್ತಿತ್ತು.

"ಇದು ಸರಿಯಾಗಿಯೇ ಮಾಡಿದೆಯಂತೆ" ಎಂದರು ಮೇಷ್ಟರು. ಅವರ ದನಿ ತಗ್ಗಿತ್ತು. "ಹೇಳಿದವನದೇ ತಪ್ಪು. ಅವತ್ತೂ ಹಾಗೆಯೇ."

ಮಗ ಉತ್ತರ ಕೊಡಲಿಲ್ಲ. ಚೀಲವನ್ನು ಗೋಡೆಗೆ ಒರಗಿಸಿ, ಇನ್ನೊಂದು ಕುರ್ಚಿಯನ್ನು ಎಳೆದುಕೊಂಡು ತಂದೆಯ ಪಕ್ಕದಲ್ಲಿ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಪರದೆಗೆ ಬೆರಳು ತೋರಿಸಿ, "ಅಪ್ಪ, ಇಲ್ಲಿ ಈ ನಕ್ಷತ್ರ ಏಕೆ?" ಎಂದು ಕೇಳಿದ.

"ನಾನು ಹೇಳುತ್ತೇನೆ!" ಎಂದು ಮೊಮ್ಮಗಳು ಒಳಗಿನಿಂದ ಓಡಿಬಂದಳು.

"ನೀನು ಸುಮ್ಮನಿರು ಮಗೂ" ಎಂದು ಮೇಷ್ಟರು ಕನ್ನಡಕ ಸರಿಪಡಿಸಿಕೊಂಡರು. "ಅವನು ಕೇಳಿದ್ದು ನನ್ನನ್ನು."