ಅಫರ್ವತ್ ಬೆಟ್ಟದಿಂದ ಹಿಂದಿರುಗಿದ ದಿನ

ಗುಲ್ಮಾರ್ಗ್ ಎಂದರೆ ಹೂವಿನ ಹುಲ್ಲುಗಾವಲು. ಆದರೆ ನಾವು ಹೋದುದು ಫೆಬ್ರವರಿಯಲ್ಲಿ. ಹೂವಿನ ಮಾತೆಲ್ಲಿ ಬಂತು? ಕಣ್ಣು ಹಾಯುವವರೆಗೂ ಹಾಲು ಚೆಲ್ಲಿದಂತೆ ಹಿಮ. ತಂತಿಯ ತೊಟ್ಟಿಲಿನಲ್ಲಿ ಕುಳಿತು ಅಫರ್ವತ್ ಬೆಟ್ಟದ ಮೇಲೆ ಸುಮಾರು 13,000 ಅಡಿಯವರೆಗೆ ಏರಿದೆವು. ಕಾವಲಿರುವ ಇಳಿಜಾರನ್ನು ಬಿಟ್ಟು ಅದರಾಚೆಯ ಕನ್ನೆಹಿಮದಲ್ಲಿ ಜಾರಬೇಕೆಂಬುದು ನನ್ನ ಸೋದರಳಿಯನ ಬಹುದಿನದ ಆಸೆ.

ಮಾರ್ಗದರ್ಶಿ ಒಪ್ಪಲಿಲ್ಲ. ಅಂಚಿನಲ್ಲಿ ನಿಂತು ಸಲಿಕೆಯಿಂದ ಗುಂಡಿ ತೋಡಿದ. ಹಿಮವೆಲ್ಲ ಒಂದೇ ಎಂದು ತಿಳಿದಿದ್ದ ನನಗೆ ಅಲ್ಲಿ ಕಂಡುದು ಪದರಪದರವಾದ ಗೋಡೆ. ಮೇಲೆ ಗಾಳಿ ಒತ್ತಿ ಗಟ್ಟಿಮಾಡಿದ ಹಲಗೆಯಂತಹ ಹಿಮ. ಅಡಿಯಲ್ಲಿ ದಪ್ಪ ರವೆಯಂತಹ ಹರಳು. ಅದನ್ನು ಹಿಡಿದು ಅದುಮಿದೆ. ಬೆರಳ ಸಂದಿಯಿಂದ ಸುರಿದುಹೋಯಿತು. ಪಾಕವಿಲ್ಲದ ರವೆ ಉಂಡೆಯಾಗುವುದುಂಟೆ?

ಚಳಿಗಾಲದ ಮೊದಲಲ್ಲಿ ಹಿಮ ತೆಳುವಾಗಿರುವಾಗ ನೆಲ ಇನ್ನೂ ಬೆಚ್ಚಗಿರುತ್ತದೆ, ಮೇಲಿನ ಗಾಳಿ ಕೊರೆಯುತ್ತಿರುತ್ತದೆ. ಕೆಳಗಿನ ಆವಿ ಮೇಲೇರುತ್ತ ಹಿಮವನ್ನು ಹೀಗೆ ಬಿಡಿಬಿಡಿ ಹರಳಾಗಿ ಮಾರ್ಪಡಿಸುತ್ತದೆ. ಅದರ ಮೇಲೆ ಹೊಸ ಹಿಮ ಕೂಡಿದರೆ, 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಭಾರವೇ ಸಾಕು. ಹಲಗೆ ಬಿರಿದು ಇಡೀ ಮೈ ಜಾರಿಬರುತ್ತದೆ. ಸಿಕ್ಕಿಬಿದ್ದವರಲ್ಲಿ ಬಹುಮಂದಿ ತಾವೇ ಅಥವಾ ತಮ್ಮ ಜೊತೆಯವರೇ ಅದನ್ನು ಕೆಡವಿರುತ್ತಾರೆ. ಹೂತವರನ್ನು ಮೊದಲ 15 ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗಬೇಗನೆ ಕ್ಷೀಣಿಸುತ್ತದೆ. 2023ರ ಫೆಬ್ರವರಿ 1ರಂದು ಇದೇ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಹಾಗೆಯೇ ಮಡಿದರು.

ಆದರೂ ನಾನು ಹುಡುಗನ ಪರವಾಗಿ ಬೇಡಿದೆ. “ಬೆಂಗಳೂರಿನಿಂದ ಇದಕ್ಕೆಂದೇ ಬಂದಿದ್ದಾನೆ. ನಾಳೆ ನಮ್ಮ ವಿಮಾನ. ಅಗೋ, ಯಾರೋ ಜಾರಿಹೋದ ಗುರುತೂ ಇದೆಯಲ್ಲ!”

ಆತ ನಕ್ಕ. “ಬೆಟ್ಟಕ್ಕೆ ವಿಮಾನದ ವೇಳೆ ತಿಳಿಯದು, ಸಾಹೇಬರೆ. ಆ ಗುರುತು ಹೋದವನ ಅದೃಷ್ಟಕ್ಕೆ ಸಾಕ್ಷಿ, ಹಿಮದ ಗಟ್ಟಿತನಕ್ಕಲ್ಲ.”

ಆಗ ನನಗೆ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ನೆನಪಾದರು. 2016ರಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಹೂತು, ಆರು ದಿನಗಳ ಮೇಲೆ ಉಸಿರಿರುವಾಗಲೇ ಸಿಕ್ಕವರು. ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅವರು ಅಲ್ಲಿ ನಿಂತುದು ಕರ್ತವ್ಯಕ್ಕಾಗಿ. ನಾವು ಬಂದುದು ವಿನೋದಕ್ಕಾಗಿ. ನನ್ನ ಬಾಯಿ ಕಟ್ಟಿತು.

ಮೂವರೂ ತೊಟ್ಟಿಲೇರಿ ಇಳಿದೆವು. ಹುಡುಗ ದಾರಿಯುದ್ದಕ್ಕೂ ಮಾತನಾಡಲಿಲ್ಲ. ಆ ಇಳಿಜಾರು ಅಂದು ಕುಸಿಯಿತೋ ಇಲ್ಲವೋ ನಾವು ಕಾಣೆವು. ಕುಸಿಯದೆ ಉಳಿದಿದ್ದರೂ ಹಿಂದಿರುಗಿದುದು ತಪ್ಪಾಗದು. ಮರುದಿನ ರಾತ್ರಿ ಮನೆಯ ಬಾಗಿಲು ತೆರೆದ ನನ್ನ ತಂಗಿ ಮಗನ ಮುಖವನ್ನು ನೋಡಿ, “ಯಾಕೋ ಸಪ್ಪಗಿದ್ದೀಯ?” ಎಂದಳು. ಆ ಪ್ರಶ್ನೆ ಕೇಳುವ ಭಾಗ್ಯ ಅವಳಿಗೆ ಉಳಿದಿತ್ತಲ್ಲ ಎಂದು ನಾನು ಸುಮ್ಮನೆ ಒಳಗೆ ನಡೆದೆ.