ಏನಿಲ್ಲ ಬಂದು ಕಾಡು ತಿಂದಿತು

ಮೊದಲು ಒಂದು ಪ್ರಶ್ನೆ. ಭಾನುವಾರ ಊರಿಗೆ ಫೋನ್ ಮಾಡ್ತೀರಲ್ಲ, ಆ ಕಡೆಯಿಂದ "ಮತ್ತೆ, ಏನು ಸಮಾಚಾರ?" ಅಂತ ಕೇಳಿದಾಗ ನೀವು ಏನು ಹೇಳ್ತೀರಿ? ನಾನಂತೂ ಜರ್ಮನಿಗೆ ಓದೋಕೆ ಬಂದ ದಿನದಿಂದ ಒಂದೇ ಉತ್ತರ ಕೊಡ್ತಾ ಬಂದಿದ್ದೀನಿ: "ಏನಿಲ್ಲ." ಈ ಮಾತನ್ನ ಸ್ವಲ್ಪ ನೆನಪಿಟ್ಕೊಳ್ಳಿ. ಈಗ ಒಂದು ಸ್ಪರ್ಧೆಯ ಕಥೆ ಹೇಳ್ತೀನಿ.

ಹೈಡೆಲ್‌ಬರ್ಗ್, ಮಾನ್‌ಹೈಮ್, ವಾಲ್‌ಡಾರ್ಫ್ ಸುತ್ತಮುತ್ತಲಿನ ಕನ್ನಡದ ಮನೆಗಳದ್ದು ಒಂದು ಪುಟ್ಟ ಓದುಗರ ಬಳಗ ಇದೆ. 2020ರ ಲಾಕ್‌ಡೌನ್‌ನಲ್ಲಿ ವಾಟ್ಸಾಪ್‌ನಲ್ಲಿ ಶುರುವಾಗಿದ್ದು. ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಸೇರ್ತೀವಿ. ದೊಡ್ಡವರು ತೇಜಸ್ವಿ, ಭೈರಪ್ಪ ಅಂತ ಮಾತಾಡ್ತಾ ಇದ್ರೆ ಮಕ್ಕಳು ಕ್ಯಾಮೆರಾ ಆಫ್ ಮಾಡಿ ಮಾಯ. ಅವರನ್ನೂ ಒಳಗೆ ಎಳೆದುಕೊಳ್ಳೋಣ ಅಂತ ಒಂದು ವಿಮರ್ಶೆ ಸ್ಪರ್ಧೆ ಇಟ್ವಿ. ಓದೋದು ಜರ್ಮನ್‌ನಲ್ಲಿ, ಬರೆಯೋದು ಕನ್ನಡದಲ್ಲಿ. ಪುಸ್ತಕ ಮಿಖಾಯೆಲ್ ಎಂಡೆ ಬರೆದ 'ಡೀ ಉನ್‌ಎಂಟ್‌ಲಿಖೆ ಗೆಶಿಖ್ಟೆ', ಅಂದರೆ ಮುಗಿಯದ ಕಥೆ.

ಸ್ಪರ್ಧೆಯ ಉಪಾಯ ನಮ್ಮದಲ್ಲ. ಇಲ್ಲಿ ಲವ್ಲಿಬುಕ್ಸ್ ಅನ್ನೋ ದೊಡ್ಡ ಓದುಗರ ಸಮುದಾಯದಲ್ಲಿ 'ಲೇಸರುಂಡೆ' ಅಂತ ನಡೆಯುತ್ತೆ. ಪ್ರಕಾಶಕರು ಒಂದಿಷ್ಟು ಪ್ರತಿ ಉಚಿತವಾಗಿ ಕೊಡ್ತಾರೆ, ಬೇಕಾದವರು ಒಂದು ಪ್ರಶ್ನೆಗೆ ಉತ್ತರ ಬರೆದು ಅರ್ಜಿ ಹಾಕ್ತಾರೆ, ಸಿಕ್ಕವರು ಜೊತೆಯಾಗಿ ಓದಿ, ಚರ್ಚೆ ಮಾಡಿ, ಕೊನೆಗೆ ವಿಮರ್ಶೆ ಬರೀತಾರೆ. ಅಲ್ಲಿ ಫ್ಯಾಂಟಸಿ ಕಾದಂಬರಿಗಳಿಗೆ ನೂಕುನುಗ್ಗಲು. ನಮ್ಮಲ್ಲಿ ಉಚಿತ ಪ್ರತಿ ಕೊಡೋರು ಯಾರು? ಕೆಲವರು ಪೋಸ್ಟ್‌ಸ್ಟ್ರಾಸೆಯ ನಗರ ಗ್ರಂಥಾಲಯದಿಂದ ತಂದ್ರು, ಕೆಲವರು ಹಳೇ ಪುಸ್ತಕದಂಗಡಿಯಲ್ಲಿ ಹುಡುಕಿದ್ರು. (ಈ ಊರು 2014ರಿಂದ ಯುನೆಸ್ಕೋ ಗುರುತಿಸಿದ ಸಾಹಿತ್ಯ ನಗರ. ಹಳೇ ಪುಸ್ತಕಕ್ಕೆ ಬರ ಇಲ್ಲ, ಬಾಡಿಗೆ ಮನೆಗೆ ಇದೆ.)

ನೀವು ಈ ಪುಸ್ತಕ ಓದಿಲ್ಲ, 1984ರ ಸಿನಿಮಾ ಮಾತ್ರ ನೋಡಿದ್ದೀರಿ ಅಂದ್ರೆ ನಿಮಗೆ ಅರ್ಧ ಕಥೆಯಷ್ಟೇ ಗೊತ್ತು. ಎಂಡೆಗೆ ಆ ಸಿನಿಮಾ ಕಂಡರಾಗ್ತಿರಲಿಲ್ಲ. 1979ರಲ್ಲಿ ಷ್ಟುಟ್‌ಗಾರ್ಟ್‌ನ ಟೀನೆಮಾನ್ ಪ್ರಕಾಶನ ತಂದ ಪುಸ್ತಕ ಇದು. ಎರಡು ಬಣ್ಣದ ಶಾಯಿಯಲ್ಲಿ ಅಚ್ಚಾಗಿದೆ: ನಮ್ಮ ಲೋಕದಲ್ಲಿ ನಡೆಯೋದು ಕೆಂಪು, ಫಾಂಟಾಸಿಯನ್ ಅನ್ನೋ ಕಲ್ಪನೆಯ ಲೋಕದಲ್ಲಿ ನಡೆಯೋದು ಹಸಿರು. 26 ಅಧ್ಯಾಯ, ಮೊದಲನೆಯದು 'ಎ' ಅಕ್ಷರದಿಂದ ಶುರುವಾದರೆ ಕೊನೆಯದು 'ಝಡ್'ನಿಂದ. ಕನ್ನಡದಲ್ಲಿ ಯಾರಾದರೂ ಹೀಗೆ ಬರೆಯೋಕೆ ಹೊರಟರೆ ಙ, ಞ ಅಧ್ಯಾಯಗಳಲ್ಲಿ ಸಿಕ್ಕಿಹಾಕ್ಕೊಳ್ತಾರೆ, ಬಿಡಿ.

ಕಥೆ ಹೀಗೆ. ತಾಯಿ ಇಲ್ಲದ ಹುಡುಗ ಬಾಸ್ಟಿಯಾನ್ ಪುಸ್ತಕದಂಗಡಿಯಿಂದ ಒಂದು ಪುಸ್ತಕ ಕದ್ದು ಶಾಲೆಯ ಅಟ್ಟದಲ್ಲಿ ಕೂತು ಓದ್ತಾನೆ. ಆ ಪುಸ್ತಕದೊಳಗಿನ ಲೋಕವನ್ನ ಏನೋ ಒಂದು ತಿನ್ನುತ್ತಾ ಇದೆ. ಬೆಂಕಿಯಲ್ಲ, ರಾಕ್ಷಸನಲ್ಲ. ಕಾಡು ಇದ್ದ ಕಡೆ ಕಾಡಿಲ್ಲ, ಕೆರೆ ಇದ್ದ ಕಡೆ ಕೆರೆ ಇಲ್ಲ, ಖಾಲಿ ಅನ್ನೋದಕ್ಕೂ ಅಲ್ಲಿ ಜಾಗ ಇಲ್ಲ. ಜರ್ಮನ್‌ನಲ್ಲಿ ಅದರ ಹೆಸರು 'ಡಾಸ್ ನಿಖ್ಟ್ಸ್'. ಆ ಲೋಕದ ರಾಣಿಗೆ ಕಾಯಿಲೆ. ಮನುಷ್ಯರ ಮಗುವೊಂದು ಹೊಸ ಹೆಸರಿಟ್ಟರೆ ಮಾತ್ರ ಅವಳು ಉಳೀತಾಳೆ. ಅಂದರೆ ಓದ್ತಾ ಕೂತಿರೋ ಈ ಹುಡುಗನೇ ಬಾಯಿ ಬಿಡಬೇಕು.

ಒಟ್ಟು 14 ವಿಮರ್ಶೆ ಬಂದವು. ಮೂವರು ತೀರ್ಪುಗಾರರು, ಅದರಲ್ಲಿ ನಾನೊಬ್ಬಳು. ಡೇಟಾ ಸೈನ್ಸ್ ಕೆಲಸದವಳು ಅಂತ ಅಂಕ ಹಾಕೋ ಪದ್ಧತಿ ರೂಪಿಸೋದನ್ನ ನನಗೇ ವಹಿಸಿದ್ರು. ನಾನೂ ಉತ್ಸಾಹದಲ್ಲಿ ಎಕ್ಸೆಲ್ ತೆಗೆದೆ. ಕಥೆಯ ಸಾರಾಂಶಕ್ಕೆ 10, ಪಾತ್ರಗಳಿಗೆ 10, ಭಾಷೆಗೆ 10, ಕಾಗುಣಿತಕ್ಕೆ 10, ಸ್ವಂತ ಅಭಿಪ್ರಾಯಕ್ಕೆ 10. ಅಂಕ ಎಲ್ಲ ಬಂದ ಮೇಲೆ ನೋಡಿದರೆ ಕಾಗುಣಿತದಲ್ಲಿ ಮೂವರದ್ದೂ ಹೆಚ್ಚುಕಡಿಮೆ ಒಂದೇ ಅಂಕ. ಸ್ವಂತ ಅಭಿಪ್ರಾಯದ ಕಾಲಂನಲ್ಲಿ ಒಬ್ಬರು 9 ಕೊಟ್ಟಲ್ಲಿ ಇನ್ನೊಬ್ಬರು 3. ಆಫೀಸಲ್ಲಿ ಇಂಥ ಕಾಲಂ ಕಂಡರೆ ನಾವು ಸಾಮಾನ್ಯವಾಗಿ 'ಇದರಲ್ಲಿ ಗದ್ದಲ ಜಾಸ್ತಿ' ಅಂತ ತೂಕ ಕಡಿಮೆ ಮಾಡ್ತೀವಿ. ಇಲ್ಲೂ ಅದನ್ನೇ ಮಾಡಿದೆ, 10ರಿಂದ 5ಕ್ಕೆ ಇಳಿಸಿದೆ. ಯಾರೂ ಬೇಡ ಅನ್ನಲಿಲ್ಲ.

ಮೊದಲ ಬಹುಮಾನ ಬಂದ ಬರಹದಲ್ಲಿ ಒಂದು ತಪ್ಪಿಲ್ಲ. ಪುಸ್ತಕವು ಓದುಗರನ್ನು ಮಾಂತ್ರಿಕ ಲೋಕಕ್ಕೆ ಕರೆದೊಯ್ಯುತ್ತದೆ ಅನ್ನೋ ವಾಕ್ಯ ಅದರಲ್ಲಿತ್ತು. ಅದೇ ವಾಕ್ಯ, ಒಂದೆರಡು ಪದ ಆಚೀಚೆಯಾಗಿ, ಇನ್ನೂ ಎರಡು ಬರಹದಲ್ಲಿತ್ತು. ಮೂರು ಮನೆಯ ಮಕ್ಕಳಿಗೆ ಒಂದೇ ಮಾತು ತೋಚಿತು ಅಂದುಕೊಳ್ಳೋಷ್ಟು ಮುಗ್ಧೆ ನಾನಲ್ಲ. ಅಂಥ ವಾಕ್ಯ ಹೊಸೆಯೋ ಯಂತ್ರಗಳ ಜೊತೆಗೇ ನನ್ನ ದಿನ ಕಳೆಯೋದು. ಆದರೂ ಮಕ್ಕಳನ್ನ ದೂರಲಾರೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಲ್ಲಿ ಒಂದು ನಿಯಮ ಇದೆ: ಅಳತೆಗೋಲನ್ನೇ ಗುರಿ ಮಾಡಿಕೊಂಡರೆ ಅದು ಒಳ್ಳೆಯ ಅಳತೆಗೋಲಾಗಿ ಉಳಿಯಲ್ಲ. ನಾನು ಕಾಗುಣಿತ ಅಳೆದೆ, ಅವರು ಕಾಗುಣಿತ ಕೊಟ್ಟರು. ದೊಡ್ಡವರೂ ಇದಕ್ಕಿಂತ ಮೇಲೇನಲ್ಲ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಹೊಸ ಫ್ಯಾಂಟಸಿ ಬರಹಗಾರರೊಬ್ಬರು ಗುಡ್‌ರೀಡ್ಸ್‌ನಲ್ಲಿ ಸುಳ್ಳು ಖಾತೆ ತೆರೆದು, ತಮ್ಮ ಹಾಗೇ ಹೊಸದಾಗಿ ಬರೀತಿದ್ದವರಿಗೆ ಒಂದೊಂದೇ ಸ್ಟಾರ್ ಕೊಟ್ಟು ಸಿಕ್ಕಿಬಿದ್ರು. ಅವರ ಪುಸ್ತಕ ಅಚ್ಚಾಗೋ ಮೊದಲೇ ಪ್ರಕಾಶಕರು ಕೈಬಿಟ್ಟರು.

ಈಗ ಒಂಬತ್ತನೇ ಸ್ಥಾನದ ಬರಹ. ಬರೆದವಳು 12 ವರ್ಷದ ಹುಡುಗಿ, ಹುಟ್ಟಿದ್ದು ಇಲ್ಲೇ. ಕೈಬರಹ, ಒಂದೂವರೆ ಪುಟ, ಒತ್ತಕ್ಷರ ಅರ್ಧಕ್ಕರ್ಧ ಮಾಯ. ಅಜ್ಜಿ ಅನ್ನೋದು 'ಅಜಿ' ಆಗಿತ್ತು. 'ನಿಖ್ಟ್ಸ್'ಗೆ ಅವಳು ಹಾಕಿದ ಕನ್ನಡ 'ಏನಿಲ'. ಅಂದರೆ ಏನಿಲ್ಲ. ಏನಿಲ ಬಂತು, ಏನಿಲ ಕಾಡು ತಿಂದಿತು, ಏನಿಲ ಕೆರೆ ಕುಡಿದಿತು ಅಂತ ಸಾಲುಸಾಲಾಗಿ ಬರೆದಿದ್ದಳು. ನಾನು ಕೆಂಪು ಪೆನ್ನಲ್ಲಿ ಅದಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 'ಶೂನ್ಯ' ಅಂತ ತಿದ್ದಿದೆ. ಎರಡು ಅಂಕ ಕಳೆದೆ. ಕೊನೆಯ ಪ್ಯಾರಾ ಓದಿದೆನೋ ಇಲ್ಲವೋ, ಅಂಕವಂತೂ ಹಾಕಿದೆ.

ನವೆಂಬರ್‌ನಲ್ಲಿ ರಾಜ್ಯೋತ್ಸವದ ದಿನ ಬಹುಮಾನ ಕೊಟ್ವಿ. ಬಿಸಿಬೇಳೆಬಾತ್ ಚೆನ್ನಾಗಿತ್ತು. ತೀರ್ಪುಗಾರರು ಏನಾದರೂ ಹೇಳೋದಿದೆಯಾ ಅಂತ ಮೈಕ್ ಹಿಡಿದರು. ಮೂರು ಬರಹದ ಆ ಒಂದೇ ವಾಕ್ಯ ನಾಲಿಗೆ ತುದಿಯಲ್ಲಿತ್ತು. "ಏನಿಲ್ಲ" ಅಂದೆ.

ಆಮೇಲೆ ಬರಹಗಳನ್ನ ವಾಪಸ್ ಕೊಡೋಕೆ ಅಂತ ಜೋಡಿಸ್ತಾ ಇದ್ದಾಗ ಆ ಒಂದೂವರೆ ಪುಟ ಮತ್ತೆ ಕೈಗೆ ಬಂತು. ಕೊನೆಯ ಪ್ಯಾರಾದಲ್ಲಿ ಅವಳು ಬರೆದಿದ್ದು ಇಷ್ಟು, ಕಾಗುಣಿತ ನಾನು ಸರಿ ಮಾಡಿದ್ದೀನಿ: "ಅಜ್ಜಿ ಫೋನಲ್ಲಿ ಏನು ಸಮಾಚಾರ ಕೇಳ್ತಾರೆ. ನನಗೆ ತುಂಬಾ ಇದೆ, ಕನ್ನಡದಲ್ಲಿ ಬರಲ್ಲ. ನಾನು ಏನಿಲ್ಲ ಹೇಳ್ತೀನಿ. ಆಮೇಲೆ ಅಜ್ಜಿ ಮನೆ ಸ್ವಲ್ಪ ಹೋಗುತ್ತೆ. ಮೊದಲು ಬಾವಿ ಹೋಯ್ತು."

ಬಾವಿ ಹೋಯ್ತು ಅಂದರೆ ಬಾವಿಗೆ ಕನ್ನಡದಲ್ಲಿ ಏನಂತಾರೆ ಅನ್ನೋದು ಮರೆತುಹೋಗಿತ್ತಂತೆ, ಅವರಮ್ಮನನ್ನ ಕೇಳಿ ಬರೆದಳಂತೆ. ಅದು ಆಮೇಲೆ ತಿಳೀತು.

ನೀವೇ ಯೋಚನೆ ಮಾಡಿ, ಶೂನ್ಯ ಅಂದರೆ ನಮ್ಮಲ್ಲಿ ಹೆದರೋ ವಿಷಯವೇ ಅಲ್ಲ. ಅಲ್ಲಮ ಕೂತ ಪೀಠದ ಹೆಸರು ಶೂನ್ಯಪೀಠ. ಬಯಲು ಅನ್ನೋಣ ಅಂದರೆ ವಚನಕಾರರು ಬಯಲಾಗೋಕೆ ಹಂಬಲಿಸಿದವರು. ಎಂಡೆಯ 'ನಿಖ್ಟ್ಸ್'ನ ಹೆದರಿಕೆ ಈ ದೊಡ್ಡ ಪದಗಳಲ್ಲಿ ಇಲ್ಲ. ಜರ್ಮನ್‌ನಲ್ಲೂ ಅದು ದಿನಬಳಕೆಯ ಪದ. ಮಗುವನ್ನ ಏನಾಯ್ತು ಅಂತ ಕೇಳಿದರೆ "ನಿಖ್ಟ್ಸ್" ಅಂತಲೇ ಹೇಳೋದು. 12 ವರ್ಷದವಳು ಸರಿಯಾದ ಪದ ಹುಡುಕಿದ್ದಳು, ನಾನು ಅದನ್ನ ತಿದ್ದಿ ತಪ್ಪು ಮಾಡಿದ್ದೆ. ಜರ್ಮನಿಯಲ್ಲಿರೋ ಕನ್ನಡಿಗರು ಕಿಟೆಲ್ ಹೆಸರೆತ್ತದೆ ಮಾತು ಮುಗಿಸಬಾರದಂತೆ, ಹಾಗಾಗಿ ಎತ್ತುತ್ತೀನಿ: 1894ರಲ್ಲಿ ನಿಘಂಟು ತಂದ ಆ ಮನುಷ್ಯ ತೀರಿಕೊಂಡ ಟ್ಯೂಬಿಂಗನ್ ಇರೋದು ನಮ್ಮ ಇದೇ ನೆಕಾರ್ ನದಿಯ ದಡದಲ್ಲಿ. ಅವರಾಗಿದ್ದರೆ ಪೆನ್ನು ಕೆಳಗಿಟ್ಟು, ಈ ಪದ ಎಲ್ಲಿ ಕೇಳಿದೆ ಮಗು ಅಂತ ಮೊದಲು ಕೇಳ್ತಿದ್ದರೇನೋ.

ಅವರ ಮನೆಗೆ ಫೋನ್ ಮಾಡಿದೆ. ತಪ್ಪು ನನ್ನದು, ನಿನ್ನ ಪದವೇ ಸರಿ ಅಂದೆ. "ಓಕೆ" ಅಂದಳು. ಶೂನ್ಯ ಅಂತ ಯಾಕೆ ಬರೀಲಿಲ್ಲ, ಆ ಪದ ಗೊತ್ತಿರಲಿಲ್ವಾ ಅಂತ ಕೇಳಿದೆ.

"ಗೊತ್ತು. ಅದು ಮ್ಯಾಥ್ಸ್ ಅಲ್ವಾ, ಆಂಟಿ?"

ಬಳಗದಲ್ಲಿ ಎಲ್ಲ ಹೇಳಿಕೊಂಡೆ. ಬಹುಮಾನ ವಾಪಸ್ ತಗೊಳ್ಳೋದು ಬೇಡ ಅಂತ ಎಲ್ಲರೂ ಅಂದ್ರು, ನನಗೂ ಅದೇ ಸರಿ ಅನ್ನಿಸ್ತು. ಇನ್ನೊಬ್ಬ ತೀರ್ಪುಗಾರರಿಗೆ ಮಾತ್ರ ಸಮಾಧಾನ ಆಗಲಿಲ್ಲ. ಒತ್ತಕ್ಷರ ಬೇಡ ಅಂದ್ರೆ ಮಕ್ಕಳಿಗೆ ಭಾನುವಾರ ಬೆಳಗ್ಗೆ ಎದ್ದು ಯಾಕೆ ಕಲಿಸಬೇಕು ನಾವು ಅಂತ ಕೇಳಿದ್ರು. ಅವರ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅವರೇ ಎಂಟು ವರ್ಷದಿಂದ ಕಲಿಸ್ತಿರೋದು, ನಾನಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದ್ವಿ: ಮುಂದಿನ ಸಲ ಸಾರಾಂಶಕ್ಕೆ ಅಂಕವೇ ಇಲ್ಲ, ಕಾಗುಣಿತ ತಿದ್ದಿ ಕೊಡ್ತೀವಿ ಆದರೆ ಅಂಕ ಕಳೆಯಲ್ಲ, ಮತ್ತು ವಿಮರ್ಶೆ ಒಂದು ಪೋಸ್ಟ್‌ಕಾರ್ಡ್ ಮೀರಬಾರದು. ಪೋಸ್ಟ್‌ಕಾರ್ಡ್ ನನ್ನ ಸೇರ್ಪಡೆ. ನಮ್ಮ ತಾತ ಚಂದಮಾಮದ ಫೋಟೋ ಶೀರ್ಷಿಕೆ ಸ್ಪರ್ಧೆಗೆ ಕಾರ್ಡ್ ಬರೀತಾ ಇದ್ದದ್ದು ನೆನಪಿದೆ. ಒಂದು ಸಲವೂ ಗೆಲ್ಲಲಿಲ್ಲ. ಆದರೆ ಬರೆಯೋ ಮುಂಚೆ ಆ ಎರಡು ಫೋಟೋಗಳನ್ನ ಮನೆಮಂದಿಗೆಲ್ಲ ತೋರಿಸಿ ಜಗಳ ಆಡ್ತಿದ್ರು.

ಸಿನಿಮಾ ತೋರಿಸದ ಉಳಿದರ್ಧ ಕಥೆಯನ್ನ ಆ ಚಳಿಗಾಲದಲ್ಲಿ ನಾನು ಮತ್ತೆ ಓದಿದೆ. ಅದರಲ್ಲಿ ಬಾಸ್ಟಿಯಾನ್ ಫಾಂಟಾಸಿಯನ್ ಒಳಕ್ಕೇ ಹೋಗಿಬಿಡ್ತಾನೆ. ಅವನು ಬಯಸಿದ್ದೆಲ್ಲ ಸಿಗುತ್ತೆ, ಆದರೆ ಒಂದೊಂದು ಆಸೆ ಈಡೇರಿದಾಗಲೂ ತನ್ನ ಲೋಕದ ಒಂದೊಂದು ನೆನಪು ಹೋಗುತ್ತೆ. ಹೋಗಿದ್ದು ಗೊತ್ತೂ ಆಗಲ್ಲ. ನೆನಪೆಲ್ಲ ಕಳಕೊಂಡವರ ಊರೊಂದಿದೆ ಅಲ್ಲಿ. ಜನ ಅಕ್ಷರದ ದಾಳಗಳನ್ನ ಎಸೀತಾ ಕೂತಿರ್ತಾರೆ, ಎಸೆದೂ ಎಸೆದೂ ಯಾವತ್ತಾದರೂ ಒಂದು ಕಥೆ ಬಂದೀತು ಅಂತ. ಓದಿ ನಗು ಬಂತು, ನನ್ನ ಕೆಲಸದ ವಿವರಣೆ ಇದ್ದ ಹಾಗಿತ್ತು. ಮಾಸ್ಟರ್ಸ್ ಬೇಕು ಅಂದೆ, ಸಿಕ್ತು. ಕೆಲಸ, ವೀಸಾ, ನದಿ ಕಾಣೋ ಮನೆ, ಎಲ್ಲ ಸಿಕ್ತು. ನಮ್ಮ ಹಿತ್ತಲಲ್ಲಿ ಪಾರಿಜಾತದ ಪಕ್ಕ ಇದ್ದ ಗಿಡದ ಹೆಸರು ಮೊನ್ನೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ಮಧ್ಯಾಹ್ನ ಮೂರು, ಹಾಸನದಲ್ಲಿ ರಾತ್ರಿ ಅಡುಗೆ ಹೊತ್ತು.

"ಮತ್ತೆ, ಏನು ಸಮಾಚಾರ?"

"ಏನಿ..." ಅಂದವಳು ನಿಲ್ಲಿಸಿದೆ. "ಅಮ್ಮ, ಒಂದು ಕಥೆ ಹೇಳ್ಲಾ?"

"ಈಗ್ಲಾ? ಕುಕ್ಕರ್ ಇಟ್ಟಿದ್ದೀನಲ್ಲೇ."

ಹೇಳೋಕೆ ಶುರು ಮಾಡಿದೆ. ಎಷ್ಟೋ ಪದ ಸಿಗಲಿಲ್ಲ. ಜೌಗು ಅನ್ನೋ ಮಾತು ಬಾಯಿಗೇ ಬರಲಿಲ್ಲ. "ಕೆಸರು, ಕಾಲಿಟ್ಟರೆ ಒಳಗೆ ಹೋಗುತ್ತಲ್ಲ ಅದು" ಅಂದೆ, ಅಮ್ಮನೇ "ಜೌಗು" ಅಂದ್ರು. ದುಃಖದ ಜೌಗು ಅಂತ ಇರುತ್ತೆ, ಅಲ್ಲಿ ಮನಸ್ಸು ಭಾರ ಆದವರು ಮುಳುಗಿಹೋಗ್ತಾರೆ, ಆ ಹುಡುಗನ ಕುದುರೆಯೂ ಮುಳುಗ್ತಾ ಇದೆ, ನನ್ನ ಬಿಟ್ಟು ಹೋಗು ಅಂತ ಅದೇ ಹೇಳುತ್ತೆ ಅಂದೆ. ಆ ಕಡೆ ಸದ್ದಿಲ್ಲ. ಕುಕ್ಕರ್ ಕೂಗಿತು. ಇನ್ನೊಂದು ಸಲ ಕೂಗಿತು.

"ಮಾತಾಡೋ ಕುದುರೆನೇನೇ ಅದು?" ಅಂದ್ರು ಅಮ್ಮ. "ತಡಿ, ಗ್ಯಾಸ್ ಆರಿಸಿ ಬರ್ತೀನಿ. ಕಟ್ ಮಾಡ್ಬೇಡ."